ಹೊತ್ತವರ ಪಾಲು

ನಮ್ಮ ಮನೆತನದಲ್ಲಿ ಹೆಸರಿನ ಪಕ್ಕ ಬಿ.ಇ. ಎಂದು ಬರೆದುಕೊಂಡ ಮೊದಲನೆಯವನು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಅದು ಪುಕ್ಕಟೆ ಬಂದದ್ದಲ್ಲ. ಅಮ್ಮ ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಹಂಚು ಹೊರುತ್ತಿದ್ದಳು. ತಲೆಯ ಮೇಲೆ ಬಟ್ಟೆಯ ಸಿಂಬಿ, ಸಿಂಬಿಯ ಮೇಲೆ ಹಲಗೆ, ಹಲಗೆಯ ಮೇಲೆ ಹಂಚಿನ ಸಾಲು. ಹಂಚು ಸುಡುವ ಗೂಡಿನಿಂದ ಅಂಗಳಕ್ಕೆ, ಅಂಗಳದಿಂದ ಲಾರಿಗೆ. ಅಪ್ಪ ನನಗೆ ಬುದ್ಧಿ ಬರುವ ಮೊದಲೇ ತೀರಿಕೊಂಡಿದ್ದ.

ಅಮ್ಮನಿಗೆ ಒಂದೇ ಒಂದು ಹಟ. ಮಗ ಹೊರಬಾರದು. ಎಂತದನ್ನೂ ಹೊರಬಾರದು. ನನ್ನ ಶಾಲೆಯ ಚೀಲವನ್ನು ಬಸ್ ಸ್ಟಾಪಿನ ತನಕ ಅವಳೇ ತಲೆಯ ಮೇಲಿಟ್ಟುಕೊಂಡು ಬರುತ್ತಿದ್ದಳು. ಬಸ್ಸು ನಿಂತ ಮೇಲೆ, ನಾನು ಹತ್ತಿ ಕೂತ ಮೇಲೆ, ಕಿಟಕಿಯಿಂದ ಒಳಗೆ ದಾಟಿಸುತ್ತಿದ್ದಳು. ಜೊತೆಯವರು ನಗುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು, ಆದರೆ ಬೇಡ ಎನ್ನಲು ಧೈರ್ಯವಿರಲಿಲ್ಲ. ನಾನು ಎಂಜಿನಿಯರಿಂಗ್ ಮುಗಿಸಿ, ಊರೂರು ಸುತ್ತಿ, ಕೊನೆಗೆ ನೆದರ್‌ಲ್ಯಾಂಡ್ಸಿನ ನೂರ್ಡ್‌ವೈಕ್‌ನಲ್ಲಿ ಉಪಗ್ರಹ ಕಟ್ಟುವ ಕಡೆ ಕೆಲಸಕ್ಕೆ ಸೇರಿದ ಮೇಲೂ ಅವಳ ಹಟ ಇಳಿಯಲಿಲ್ಲ. ಮೊದಲ ಸಲ ಇಲ್ಲಿಗೆ ಬಂದಾಗ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ನನ್ನ ಕೈಯಿಂದ ಸೂಟ್‌ಕೇಸನ್ನು ಕಿತ್ತುಕೊಂಡವಳು ಅವಳು. ಅದಕ್ಕೆ ಗಾಲಿ ಇದೆ ಎಂದು ಅರ್ಥ ಮಾಡಿಸುವಷ್ಟರಲ್ಲಿ ಅದು ಅವಳ ಸೊಂಟಕ್ಕೆ ಏರಿಯಾಗಿತ್ತು.

ಇಷ್ಟನ್ನು ಮೊದಲೇ ಹೇಳಿದ್ದು ಯಾಕೆಂದರೆ, 2014ರ ಬೇಸಿಗೆಯಲ್ಲಿ, ಇದೇ ಅಮ್ಮ ಹಾರ್ಲೆಮ್‌ನ ನಮ್ಮ ಮನೆಯಲ್ಲಿದ್ದಾಗಲೇ, ನಾನು ಬೆಟ್ಟದ ಬೇಟೆಗೆ ಬೆನ್ನುಚೀಲ ಹುಡುಕುತ್ತಿದ್ದೆ. ಬೇಟೆಯಾಡಲಿಕ್ಕಲ್ಲ. ಹೊರಲಿಕ್ಕೆ.

ಬೇಟೆ ಪಕ್ಕದ ಮನೆಯವರದು. ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತರಾದ ಡಚ್ ಮನುಷ್ಯ, ಒಬ್ಬರೇ ಇದ್ದರು. ಅವರು ನನ್ನನ್ನು ‘ಬ್ಯೂರ್‌ಮನ್’ ಎಂದು ಕರೆಯುತ್ತಿದ್ದರು, ಅಂದರೆ ಪಕ್ಕದ ಮನೆಯವ. ನಾನೂ ಅವರನ್ನು ಹಾಗೇ ಕರೆಯುತ್ತಿದ್ದೆ. ನಾವು ಈ ಬೀದಿಗೆ ಬಂದ ಮೊದಲ ಚಳಿಗಾಲದಲ್ಲಿ ಮನೆಯ ಬಾಯ್ಲರ್ ಕೆಟ್ಟು ನಾನೂ ಹೆಂಡತಿಯೂ ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ಕೂತಿದ್ದಾಗ, ಕೇಳದೆಯೇ ತಮ್ಮ ಮನೆಯ ಬೀಗದಕೈ ತಂದುಕೊಟ್ಟು ‘ಮೇಲಿನ ಕೋಣೆ ಬೆಚ್ಚಗಿದೆ’ ಎಂದವರು ಅವರು. ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಆಸ್ಟ್ರಿಯಾದ ಬೆಟ್ಟಗಳಿಗೆ ಗೆಮ್ಸ್ ಬೇಟೆಗೆ ಹೋಗುತ್ತಿದ್ದರು. ಗೆಮ್ಸ್ ಎಂದರೆ ಕಡಿದಾದ ಬಂಡೆಯ ಮೇಲೆ ಓಡಾಡುವ, ಕೊಕ್ಕೆಯಂಥ ಕೊಂಬಿನ, ಮೇಕೆಯ ಹಾಗಿರುವ ಪ್ರಾಣಿ. ಅಲ್ಲಿ ಎಷ್ಟು ಹೊಡೆಯಬಹುದು, ಯಾವುದನ್ನು ಹೊಡೆಯಬಹುದು ಎಂಬುದಕ್ಕೆಲ್ಲ ಲೆಕ್ಕವಿದೆ, ಪರವಾನಗಿಯಿದೆ. ಇವರು ವರ್ಷಕ್ಕೆ ಒಂದು ಹೊಡೆಯುತ್ತಿದ್ದರು. ಕೆಲವು ವರ್ಷ ಅದೂ ಇಲ್ಲ.

ಆ ವಸಂತದಲ್ಲಿ ಅವರ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯಾಯಿತು. ಒಂದು ಶನಿವಾರ ನೋಡಿದರೆ ತಮ್ಮ ಹಳೆಯ ಕ್ಯಾನ್ವಾಸ್ ಚೀಲವನ್ನು ಬೀದಿಯ ಬದಿಯಲ್ಲಿ, ಬೇಕಾದವರು ಒಯ್ಯಲಿ ಎಂದು ಇಟ್ಟಿದ್ದಾರೆ.

“ಯಾಕೆ?” ಎಂದೆ.

“ನಡೆಯಬಹುದು ಅಂತಾರೆ ಡಾಕ್ಟರು. ಹೊರಬಾರದಂತೆ.”

“ಬೇರೆ ಯಾರಾದರೂ ಹೊರಲಿ.”

“ಹೊಡೆದವನೇ ಹೊರಬೇಕು, ಬ್ಯೂರ್‌ಮನ್. ಹೊರಲಾಗದವನು ಹೊಡೆಯಬಾರದು. ನನಗೆ ಹಾಗೆ ಕಲಿಸಿದ್ದು.”

ಚೀಲದ ಚರ್ಮದ ಪಟ್ಟಿಯನ್ನು ಅವರು ಒಮ್ಮೆ ಒರೆಸಿದರು, ಬಿಟ್ಟುಕೊಡುವ ನಾಯಿಯ ತಲೆ ಸವರಿದ ಹಾಗೆ. ನಾನು ಹಿಂದೆ ಮುಂದೆ ನೋಡದೆ ಹೇಳಿಬಿಟ್ಟೆ: “ನಾನು ಬರ್ತೇನೆ. ನಾನು ಹೊರ್ತೇನೆ.”

“ನಾನು ಹಮಾಲರನ್ನು ಇಟ್ಟುಕೊಳ್ಳುವುದಿಲ್ಲ,” ಎಂದು ಒಳಗೆ ಹೋದರು. ಡಚ್ಚರ ಮಾತೇ ಹಾಗೆ, ಕತ್ತರಿಸಿದಂತೆ. ಆದರೆ ಚೀಲವನ್ನೂ ಒಳಗೆ ತೆಗೆದುಕೊಂಡು ಹೋದರು. ಕೆಲವು ದಿನ ಬಿಟ್ಟು ಬಾಗಿಲು ಬಡಿದು ಕೇಳಿದರು: “ನಿನ್ನ ಬೆನ್ನು ಎಷ್ಟು ಉದ್ದ?”

ನನಗೆ ಅದೇನು ಪ್ರಶ್ನೆ ಎಂದೇ ತಿಳಿಯಲಿಲ್ಲ. ಹಾಗಾಗಿ ಅವರನ್ನು ಬಿಟ್ಟು, ನನ್ನ ಬುದ್ಧಿಗೆ ತೋಚಿದಂತೆ ಒಂದು ಚೀಲವನ್ನು ಆನ್‌ಲೈನಿನಲ್ಲಿ ತರಿಸಿದೆ. ಪರದೇಶದಲ್ಲಿರುವ ನಮ್ಮವರಿಗೆ ಚೀಲ ಆರಿಸುವುದೆಂದರೆ ಒಂದೇ ವಿಧಾನ ಗೊತ್ತು: ಊರಿಗೆ ಹೋಗುವಾಗ ಎಷ್ಟು ಹಿಡಿಸುತ್ತದೆ, ಜಿಪ್ಪಿಗೆ ಬೀಗ ಬೀಳುತ್ತದೋ ಇಲ್ಲವೋ, ಹೊರಗಡೆ ಎಷ್ಟು ಜೇಬಿದೆ. ತೊಂಬತ್ತು ಲೀಟರಿನ, ಎಂಟು ಜೇಬಿನ, ಹೊಳೆಯುವ ನೀಲಿ ಚೀಲ ಬಂತು. ವಿಮಾನ ಹತ್ತುವ ಮೊದಲು ಸಾಮಾನು ತೂಗಲು ನಮ್ಮವರ ಪ್ರತಿ ಮನೆಯಲ್ಲೂ ಇರುವ ಆ ಕೊಕ್ಕೆಯ ತಕ್ಕಡಿ ನಮ್ಮಲ್ಲೂ ಇತ್ತಲ್ಲ, ಅದರಲ್ಲಿ ತೂಗಿಯೂ ನೋಡಿದೆ.

ನನ್ನ ಹೆಂಡತಿ ಮೈಸೂರಿನವಳು, ಮಾತಿನಲ್ಲಿ ನನಗಿಂತ ಮುಂದೆ. “ಏನ್ರೀ ಇದು, ಬೇಟೆಗೆ ಹೋಗ್ತಿದ್ದೀರೋ, ನಮ್ಮ ತಂಗಿ ಮದುವೆಗೆ ಹೋಗ್ತಿದ್ದೀರೋ? ಒಳಗಡೆ ಸೀರೆ ಇಡೋದಕ್ಕೆ ಕವರ್ ಬೇರೆ ಇದೆ.”

ಪಕ್ಕದ ಮನೆಯವರು ಬಂದು ಚೀಲವನ್ನು ಸುತ್ತು ಹಾಕಿ ನೋಡಿದರು. ಬಟ್ಟೆಯ ಮೇಲೆ ಉಗುರಿನಿಂದ ಒಂದು ಗೆರೆ ಎಳೆದರು. ಜರ್ ಎಂದಿತು.

“ಕೇಳಿಸಿತಾ? ನಿನ್ನ ಕಿವಿಗೇ ಕೇಳಿಸಿದರೆ ಗೆಮ್ಸ್‌ಗೆ ಆಚೆಯ ಕಣಿವೆಯಲ್ಲಿ ಕೇಳಿಸುತ್ತದೆ. ಈ ಬೀಗ ಯಾಕೆ?”

“ಸುರಕ್ಷೆಗೆ.”

“ಈ ಜೇಬು?”

“ಪಾಸ್‌ಪೋರ್ಟಿಗೆ.”

“ಬೆಟ್ಟದ ಮೇಲೆ ಇಮಿಗ್ರೇಷನ್ ಇಲ್ಲ, ಬ್ಯೂರ್‌ಮನ್.” ಅವರು ಕೋಲು ಊರಿಕೊಂಡೇ ನಕ್ಕರು, ಶಸ್ತ್ರಚಿಕಿತ್ಸೆಯ ಮೇಲೆ ನಾನು ನೋಡಿದ ಮೊದಲ ನಗು.

ನೀಲಿ ಚೀಲ ವಾಪಸು ಹೋಯಿತು. ಶನಿವಾರ ಇಬ್ಬರೂ ಹಾರ್ಲೆಮ್ ಪೇಟೆಯ ಬೆಟ್ಟ ಹತ್ತುವವರ ಅಂಗಡಿಗೆ ಹೋದೆವು. ಸಮುದ್ರಕ್ಕಿಂತ ತಗ್ಗಿನಲ್ಲಿರುವ ದೇಶದಲ್ಲಿ ಬೆಟ್ಟದ ಸಾಮಾನಿನ ಅಂಗಡಿ ಮೂರು ಮಾಳಿಗೆ ಇರುತ್ತದೆ ಎಂಬುದು ನನಗೆ ಇಂದಿಗೂ ವಿಚಿತ್ರ. ಅಂಗಡಿಯ ಹೆಂಗಸು ಕೇಳಿದಳು, “ಏನು ಹೊರುತ್ತೀರಿ?”

“ಮಾಂಸ.”

“ಹಸಿಯದೋ, ಒಣಗಿದ್ದೋ?” ಎಂದಳು, ಸಕ್ಕರೆ ಬೇಕೋ ಬೇಡವೋ ಎಂದು ಕೇಳಿದಷ್ಟೇ ಸಹಜವಾಗಿ.

ಆಮೇಲೆ ನನ್ನ ತಲೆ ಬಗ್ಗಿಸಿ ಕುತ್ತಿಗೆಯ ಉಬ್ಬಿದ ಮೂಳೆಯಿಂದ ಸೊಂಟದ ಮೂಳೆಯವರೆಗೆ ಟೇಪು ಹಿಡಿದಳು. ಬೆನ್ನಿನ ಉದ್ದ ಎಂದರೆ ಅದು. ಚೀಲಕ್ಕೂ ಬೆನ್ನಿಗೂ ಅಳತೆ ಕೂಡಬೇಕು, ಆಳಿನ ಎತ್ತರಕ್ಕಲ್ಲ. ಪಕ್ಕದ ಮನೆಯವರು ಒಂದೊಂದಾಗಿ ಚೀಲಗಳನ್ನು ತಳ್ಳಿಹಾಕುತ್ತ ಹೋದರು. ಇದರ ಬಕಲು ಬಿಸಿಲಿಗೆ ಹೊಳೆಯುತ್ತದೆ. ಇದರ ಪಟ್ಟಿ ಗಾಳಿಗೆ ಪಟಪಟ ಎನ್ನುತ್ತದೆ. ಇದನ್ನು ತೊಳೆದರೆ ರಕ್ತ ಹೋಗುವುದಿಲ್ಲ. ಕೊನೆಗೆ ಉಳಿದದ್ದು ಕೆಸರಿನ ಬಣ್ಣದ, ನೋಡಲು ಏನೂ ಚಂದವಿಲ್ಲದ ಒಂದು ಚೀಲ. ಬೆನ್ನಿಗೆ ಗಟ್ಟಿ ಚೌಕಟ್ಟು, ಅದಕ್ಕೆ ಬಿಚ್ಚಿ ತೆಗೆಯಬಹುದಾದ ಚೀಲ. ಚೌಕಟ್ಟಿಗೂ ಚೀಲಕ್ಕೂ ನಡುವೆ ಒಂದು ಸಂದು. ಬೇಟೆ ಸಿಕ್ಕರೆ ಮಾಂಸವನ್ನು ಬೇರೆ ಬಟ್ಟೆಯಲ್ಲಿ ಸುತ್ತಿ ಆ ಸಂದಿನಲ್ಲಿ, ಬೆನ್ನಿಗೆ ಒತ್ತಿದ ಹಾಗೆ ಕಟ್ಟಬೇಕು. ಹೊರಗೆ ಜೋತುಬಿದ್ದ ಭಾರ ಇಳಿಜಾರಿನಲ್ಲಿ ಹಿಂದಕ್ಕೆ ಎಳೆಯುತ್ತದೆ. ಸೊಂಟದ ಪಟ್ಟಿ ಅಂಗೈಯಗಲ. ಅದನ್ನು ಬಿಗಿದರೆ ಭಾರವೆಲ್ಲ ಭುಜ ಬಿಟ್ಟು ಸೊಂಟಕ್ಕೆ ಇಳಿಯುತ್ತದೆ. ಕಚೇರಿಯಲ್ಲಿ ನಾನು ದಿನವಿಡೀ ಮಾಡುವುದು ಇಂಥದೇ ಕೆಲಸ, ಯಾವ ಭಾಗದ ಭಾರ ಯಾವ ದಾರಿಯಲ್ಲಿ ಎಲ್ಲಿಗೆ ಇಳಿಯುತ್ತದೆ ಎಂಬ ಲೆಕ್ಕ. ಅದನ್ನು ನನ್ನ ಮೈಯಲ್ಲೇ ಅನುಭವಿಸಿದ್ದು ಆ ಅಂಗಡಿಯಲ್ಲಿ.

ಮನೆಯಲ್ಲಿ ಅಭ್ಯಾಸ ಶುರುಮಾಡಿದೆ. ಇಲ್ಲಿ ಏರು ಎಂದರೆ ಮರಳ ದಿಬ್ಬ, ಇಲ್ಲವೇ ಮನೆಯ ಮೆಟ್ಟಿಲು. ಡಚ್ ಮನೆಯ ಮೆಟ್ಟಿಲು ಏಣಿಗಿಂತ ಸ್ವಲ್ಪ ವಾಸಿ, ಅಷ್ಟೆ. ಸೋನಾ ಮಸೂರಿ ಅಕ್ಕಿಯ ಎರಡು ಚೀಲ, ತೊಗರಿಬೇಳೆ, ಮೇಲಿಂದ ಒಂದು ತೆಂಗಿನಕಾಯಿ ತುಂಬಿಕೊಂಡು ಹತ್ತುತ್ತಿದ್ದೆ, ಇಳಿಯುತ್ತಿದ್ದೆ. ಅಮ್ಮ ಹೊರಗೆ ಹೋಗಿದ್ದಾಗ ಮಾತ್ರ. ಅವಳಿಗೆ ಬೆಟ್ಟ ನೋಡಲು ಹೋಗುತ್ತೇನೆ ಎಂದಷ್ಟೇ ಹೇಳಿದ್ದೆ.

“ರೀ, ಆ ಅಕ್ಕಿ ಚೀಲ ಒಡೆದ್ರೆ ನೀವೇ ಕೂತು ಆಯ್ಕೋಬೇಕು,” ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದ ದಿನ, ಮುಂಬಾಗಿಲು ತೆರೆಯಿತು. ಅಮ್ಮ ಮಾರುಕಟ್ಟೆಯಿಂದ ಬೇಗ ಬಂದುಬಿಟ್ಟಿದ್ದಳು. ನಾನು ಮೆಟ್ಟಿಲ ನಡುವೆ, ಬೆವರಿಳಿಸುತ್ತ, ಮುಂದಕ್ಕೆ ಬಾಗಿ, ಬೆನ್ನ ಮೇಲೆ ಹೊರೆ.

ಅವಳು ಕೈಯಲ್ಲಿದ್ದ ಕೊತ್ತಂಬರಿ ಸೊಪ್ಪನ್ನು ಕೆಳಗಿಡಲಿಲ್ಲ. “ಎಂತ ಅದು?”

ಹೇಳಲೇಬೇಕಾಯಿತು. ಪೂರ್ತಿ ಹೇಳಿದೆ.

“ಅಂದ್ರೆ ಆ ಅಜ್ಜ ಕೋವಿ ಹಿಡ್ಕೊಂಡು ಮುಂದೆ ಹೋಗ್ತಾರೆ. ನೀನು ಹೊತ್ಕೊಂಡು ಹಿಂದೆ ಹೋಗ್ತಿ.”

“ಹಾಗಲ್ಲಮ್ಮ...”

“ಮತ್ತೆ ಹೇಗೆ? ಹೊರ್ಲಿಕ್ಕೆ ಇಷ್ಟು ದೂರ ಬರ್ಬೇಕಿತ್ತಾ? ಕಾರ್ಖಾನೆಯಲ್ಲಿ ನನ್ನ ಜಾಗ ಖಾಲಿ ಇತ್ತಲ್ಲ, ಅಲ್ಲೇ ಸೇರ್ಬಹುದಿತ್ತು.”

“ಅತ್ತೆ, ಸ್ನೇಹಕ್ಕೆ ಹೋಗ್ತಿರೋದು ಅವರು,” ಎಂದಳು ಹೆಂಡತಿ.

“ನೀನು ಸುಮ್ನಿರು ಮಗಾ. ನಿಂಗೆ ಗೊತ್ತಿಲ್ಲ. ಹೊರುವವರಿಗೆ ಸ್ನೇಹ ಅಂತ ಹೇಳಿಯೇ ಹೊರಿಸುವುದು.” ಆಮೇಲೆ ನನ್ನ ಕಡೆ ತಿರುಗಿ, ದನಿ ಇಳಿಸಿ ಹೇಳಿದಳು: “ನಾನು ಜೀವದಲ್ಲಿ ಮಾಡಿದ್ದು ಒಂದೇ ಒಂದು ಕೆಲಸ, ನಿನ್ನ ತಲೆಯ ಮೇಲೆ ಹೊರೆ ಬೀಳದ ಹಾಗೆ ನೋಡಿಕೊಂಡದ್ದು. ಅದೊಂದನ್ನು ಹಾಳು ಮಾಡ್ಬೇಡ. ಆ ಚೀಲ ಈ ಮನೆಯೊಳಗೆ ಬೇಡ.”

ಚೀಲವನ್ನು ಹಿತ್ತಿಲ ಸೈಕಲ್ ಶೆಡ್ಡಿಗೆ ಹಾಕಿದೆ. ಅಮ್ಮ ಊಟ ಬಿಡಲಿಲ್ಲ, ಮಾತೂ ಬಿಡಲಿಲ್ಲ. ಬಿಟ್ಟಿದ್ದರೆ ಸುಲಭವಿತ್ತು. ಎಂದಿನ ಹಾಗೆ ಬಡಿಸಿದಳು, ಎಂದಿನ ಹಾಗೆ ನನ್ನ ತಟ್ಟೆಯನ್ನು ಅವಳೇ ಎತ್ತಿದಳು. ನಾನು ಹೋದರೆ ಅವಳು ಜೀವಮಾನ ಕಾಪಾಡಿದ್ದು ಹೋಗುತ್ತದೆ. ಹೋಗದಿದ್ದರೆ ಪಕ್ಕದ ಮನೆಯವರ ಹಳೆಯ ಚೀಲ ಮತ್ತೆ ಬೀದಿ ಬದಿಗೆ ಬರುತ್ತದೆ.

ಶೆಡ್ಡಿನ ಬಾಗಿಲಲ್ಲಿ ಚೀಲ ನೋಡಿ ಪಕ್ಕದ ಮನೆಯವರು ವಿಷಯ ಕೇಳಿದರು. ನಾನು ಅಡ್ಡಗೋಡೆಯ ಮೇಲೆ ದೀಪವಿಡುವವನಲ್ಲ, ಇದ್ದದ್ದು ಇದ್ದಂತೆ ಹೇಳಿದೆ. “ನಿನ್ನ ಅಮ್ಮ ಹೇಳಿದ್ದು ಸರಿ,” ಎಂದರು. “ಆದರೂ ನಾನೇ ಬಂದು ಮಾತಾಡಬೇಕು. ಕೇಳದೆ ಬಿಟ್ಟರೆ ಮರ್ಯಾದೆಯಲ್ಲ.”

ಭಾನುವಾರ ಬಂದರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು. ಅಮ್ಮ ನೀರುದೋಸೆ ಹೊಯ್ದಿದ್ದಳು. ಮನೆಗೆ ಬಂದವರ ಮೇಲೆ ಅವಳ ಸಿಟ್ಟು ದೋಸೆಯ ತನಕ ಬರುವುದಿಲ್ಲ. ನಾನು ನಡುವೆ ಕೂತು ಅತ್ತಿಂದಿತ್ತ ಮಾತು ದಾಟಿಸಿದೆ.

ಅವರು ಹೇಳಿದರು, ನಾನು ನಿಮ್ಮ ಮಗನನ್ನು ಕೆಲಸಕ್ಕೆ ಕರೆದಿಲ್ಲ. ಅವನೇ ಬರುತ್ತೇನೆಂದ. ನೀವು ಬೇಡವೆಂದರೆ ನಾನು ಅವನನ್ನು ಕರೆದೊಯ್ಯುವುದಿಲ್ಲ.

ಅಮ್ಮ ಅವರ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು. “ಅವರತ್ರ ಒಂದು ಕೇಳು. ಹೊತ್ತದ್ದಕ್ಕೆ ನಿನಗೆಂತ? ಕೂಲಿಯಾ, ಪಾಲಾ?”

ನಾನು ದಾಟಿಸಿದೆ. ಅವರ ಮುಖ ಕೆಂಪಾಯಿತು. “ಕೂಲಿಯೇ? ಅರ್ಧ ಅವನದು! ಮೊದಲು ಅವನು ಆರಿಸಿಕೊಳ್ಳುತ್ತಾನೆ, ಆಮೇಲೆ ಉಳಿದದ್ದು ನನಗೆ. ಬೇರೆ ಹೇಗೆ ಹಂಚುತ್ತಾರೆ?”

ಅಮ್ಮ ಸೌಟು ಕೆಳಗಿಟ್ಟಳು.

ಪುತ್ತೂರಿನಾಚೆಯ ತನ್ನ ಅಜ್ಜನ ಊರಿನಲ್ಲಿ, ಅವಳು ಚಿಕ್ಕವಳಿದ್ದಾಗ, ಗದ್ದೆಗೆ ನುಗ್ಗುವ ಹಂದಿಯ ಬೇಟೆಯಾಗುತ್ತಿತ್ತಂತೆ. ಮಾಂಸವನ್ನು ಬಾಳೆಲೆಯ ಮೇಲೆ ಪಾಲು ಹಾಕುವಾಗ ಹೊಡೆದವನಿಗೊಂದು, ಕೋವಿಗೊಂದು, ನಾಯಿಗೊಂದು, ಹೊತ್ತವರಿಗೊಂದು. “ಹೊತ್ತವರನ್ನು ಬಿಟ್ಟು ಪಾಲು ಮಾಡುವ ಕ್ರಮ ಇರ್ಲಿಲ್ಲ. ಬಿಟ್ರೆ ಮುಂದಿನ ಸಲ ಹಂದಿ ಸಿಗುವುದಿಲ್ಲ ಅಂತ. ಕಾರ್ಖಾನೆಯಲ್ಲಿ ಹಾಗಲ್ಲ. ಎಷ್ಟು ಹಂಚು ಹೊತ್ತೆ ನಾನು! ಊರಿಡೀ ಮಾಡಿಗೆ ನಾನು ಹೊತ್ತ ಹಂಚು. ನಮ್ಮ ಮನೆಗೆ ಮುಳಿಹುಲ್ಲು.” ಅವಳು ಇದನ್ನು ನನಗೆ ಎಂದೂ ಹೇಳಿರಲಿಲ್ಲ. ಆ ಮುಳಿಹುಲ್ಲು ಹೊದಿಸಿದ ಸೂರಿನ ಕೆಳಗೇ ನಾನು ಓದಿದ್ದು. ಆದರೆ ಅದನ್ನೂ ಹಂಚನ್ನೂ ಕೂಡಿಸಿ ಯೋಚಿಸಿರಲಿಲ್ಲ.

“ಪಾಲಿಗೆ ಹೊರುವುದಾದ್ರೆ ಹೊರು,” ಎಂದಳು. “ಆದ್ರೆ ಅವರ ಬೆನ್ನಲ್ಲಿ ಕೂಡ ಒಂದು ಇರ್ಬೇಕು. ಸಣ್ಣದಾದ್ರೂ ಸರಿ. ಬರೀ ಕೈ ಬೀಸಿಕೊಂಡು ಹೋದ್ರೆ ಅವರು ಧಣಿ, ನೀನು ಆಳು. ಇಬ್ಬರ ಬೆನ್ನಲ್ಲೂ ಇದ್ರೆ ಜೊತೆ.”

ಇದನ್ನು ದಾಟಿಸಿದಾಗ ಅವರು ಎದ್ದು ನಿಂತು ಅಮ್ಮನ ಕೈ ಹಿಡಿದು ಕುಲುಕಿದರು. ಅವರಿಗೆ ಬೇಕಾಗಿದ್ದದ್ದೂ ಅದೇ. ಇಷ್ಟು ದಿನ ಯಾರೂ ಅವರ ಹತ್ತಿರ ‘ನೀವೂ ಒಂದಿಷ್ಟು ಹೊರಿ’ ಎಂದಿರಲಿಲ್ಲ. ಡಾಕ್ಟರನ್ನು ಕೇಳಿದ್ದಾಯಿತು. ಸ್ವಲ್ಪ, ತೀರ ಸ್ವಲ್ಪ ಆಗಬಹುದು ಎಂದರಂತೆ.

ಹಾಗಾಗಿ ಎರಡನೆಯ ಚೀಲಕ್ಕೆ ಅಮ್ಮನೂ ಸೇರಿ ಮೂವರೂ ಅದೇ ಅಂಗಡಿಗೆ ಹೋದೆವು. ದುರ್ಬೀನು, ಚಹಾದ ಫ್ಲಾಸ್ಕು, ಹಗ್ಗ, ಗುಂಡು ಬಿದ್ದರೆ ಪ್ರಾಣಿಯ ಪಿತ್ತಜನಕಾಂಗ, ಇಷ್ಟು ಹಿಡಿಸಿದರೆ ಸಾಕು. ಸಣ್ಣ ಚೀಲ ಬೆನ್ನಿಗೇರಿಸಿ ಕನ್ನಡಿ ನೋಡಿಕೊಂಡ ಅವರು “ಶಾಲೆಗೆ ಹೊರಟ ಹಾಗಿದೆ” ಎಂದು ಗೊಣಗಿದರು. ಅಮ್ಮ ಅಲ್ಲೇ ಇದ್ದ ಕೆಂಪು ಚೀಲ ತೋರಿಸಿ, “ಇದು ಚಂದ ಉಂಟಲ್ಲ,” ಎಂದಳು. ಗೆಮ್ಸ್ ನೋಡಿ ಓಡುತ್ತದೆ ಎಂದೆ. “ನೋಡ್ಲಿ ಬಿಡು, ಅದಕ್ಕೂ ಗೊತ್ತಾಗ್ಲಿ ಯಾರು ಬರ್ತಿದ್ದಾರೆ ಅಂತ.”

ಸೊಂಟದ ಪಟ್ಟಿ ಅವರ ಹೊಲಿಗೆ ಹಾಕಿದ ಜಾಗಕ್ಕೆ ಒತ್ತದಂತೆ ಇರಬೇಕಿತ್ತು. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಆ ಹೊತ್ತಿನಲ್ಲಿ ಅಮ್ಮ, ಗೋಡೆಗೆ ತೂಗುಬಿಟ್ಟಿದ್ದ, ನನ್ನದರಂಥದೇ ಇನ್ನೊಂದು ಚೀಲದ ಪಟ್ಟಿಗಳನ್ನು ಎಳೆದು ನೋಡುತ್ತಿದ್ದಳು. ಅಂಗಡಿಯ ಹೆಂಗಸು ಕೇಳಿದಳೋ ಇಲ್ಲವೋ, ಒಳಗೆ ಮರಳಿನ ಮೂಟೆ ಹಾಕಿ ಅಮ್ಮನ ಬೆನ್ನಿಗೆ ಏರಿಸಿ, ಸೀರೆಯ ನೆರಿಗೆ ಸರಿಸಿ, ಸೊಂಟದ ಪಟ್ಟಿ ಬಿಗಿದೇಬಿಟ್ಟಳು.

ಅಮ್ಮ ನಿಂತಳು. ನನ್ನ ಮುಖ ನೋಡಿದಳು. “ಭಾರ ಎಲ್ಲಿ ಹೋಯ್ತು?”

“ಸೊಂಟಕ್ಕೆ ಇಳೀತಮ್ಮ.”

ಕನ್ನಡಿಯ ತನಕ ಹೋಗಿ ಬಂದಳು. ಮತ್ತೊಮ್ಮೆ ಹೋಗಿ ಬಂದಳು. “ಕುತ್ತಿಗೆಗೆ ಏನೂ ಇಲ್ಲ ಮಾರಾಯಾ,” ಎನ್ನುವಾಗ ಅವಳ ಕೈ ತಾನಾಗಿ ಕುತ್ತಿಗೆಯ ಹಿಂಬದಿಗೆ ಹೋಯಿತು. ಅಲ್ಲಿ ಅವಳಿಗೆ ಹೊರೆ ಹೊತ್ತು ಹೊತ್ತು ದಪ್ಪಗಟ್ಟಿದ ಗಂಟು ಇದೆ, ಮಳೆಗಾಲದಲ್ಲಿ ನೋಯುತ್ತದೆ. “ಆಗ ಯಾರಾದ್ರೂ ನಮಗೆ ಇಂಥದ್ದು ಒಂದು ಮಾಡಿ ಕೊಡ್ಬಹುದಿತ್ತು.” ದುಃಖದಿಂದ ಹೇಳಲಿಲ್ಲ, ಕಣ್ಣೆದುರೇ ಹೊರಟುಹೋದ ಬಸ್ಸಿನ ಬಗ್ಗೆ ಹೇಳುವ ಹಾಗೆ ಹೇಳಿದಳು. ಲೆಕ್ಕ ಬರುವ ನಮ್ಮಂಥವರು ಉಪಗ್ರಹದ ಭಾಗಕ್ಕೆ ಭಾರದ ದಾರಿ ಹುಡುಕುತ್ತೇವೆ. ಹಂಚು ಹೊರುವವಳ ಕುತ್ತಿಗೆಗೆ ಯಾರೂ ಹುಡುಕಿರಲಿಲ್ಲ.

ಸೆಪ್ಟೆಂಬರಿನಲ್ಲಿ ಹೋದೆವು. ಬೆಟ್ಟದ ವಿಷಯ ಜಾಸ್ತಿ ಬರೆಯುವುದಿಲ್ಲ. ಕಾದೆವು, ನೆನೆದೆವು, ಎರಡು ಸಲ ಬರಿಗೈಯಲ್ಲಿ ಇಳಿದೆವು. ಮೂರನೆಯ ಬೆಳಿಗ್ಗೆ ಅವರು ಒಂದೇ ಗುಂಡು ಹೊಡೆದರು. ಅಲ್ಲಿನ ಬೇಟೆ ಕಾವಲುಗಾರ ಪ್ರಾಣಿಯ ಬಾಯಿಗೆ ಒಂದು ಹಸಿರು ಟೊಂಗೆ ಇಟ್ಟ. ಕೊನೆಯ ತುತ್ತು ಎಂದು ಅವರ ಸಂಪ್ರದಾಯ. ನಾವು ಮೂವರೂ ಸ್ವಲ್ಪ ಹೊತ್ತು ಟೊಪ್ಪಿ ತೆಗೆದು ನಿಂತೆವು. ಆಮೇಲೆ ತುಂಡು ಮಾಡಿ ಕಟ್ಟಿ ನನ್ನ ಬೆನ್ನಿಗೇರಿಸಿದರು. ಪಿತ್ತಜನಕಾಂಗ ಅವರ ಚೀಲಕ್ಕೆ. ಇಳಿಯುವಾಗ ಅವರು ಹಿಂದೆ ಇದ್ದರು, ನಾನು ಮುಂದೆ. ಕಲ್ಲು ಜಾರುವ ಕಡೆ “ಎಡಕ್ಕೆ, ಬ್ಯೂರ್‌ಮನ್” ಎನ್ನುತ್ತಿದ್ದರು. ಭುಜಕ್ಕೆ ಏನೂ ಆಗಲಿಲ್ಲ, ಮಂಡಿ ಮಾತ್ರ ಒಂದು ವಾರ ಬೈಯುತ್ತಿತ್ತು.

ಮನೆಗೆ ಬಂದಾಗ ಅಮ್ಮ ಅಡುಗೆಮನೆಯ ನೆಲಕ್ಕೆ ಪೇಪರ್ ಹಾಸಿ ಕಾದಿದ್ದಳು. ಬಾಳೆಲೆ ಇಲ್ಲದ ಊರು. ಮೇಜಿದ್ದರೂ ಪಾಲು ನೆಲದ ಮೇಲೇ ಆಗಬೇಕು ಎಂದು ಪಕ್ಕದ ಮನೆಯವರನ್ನೂ ಕೆಳಗೆ ಕೂರಿಸಲು ಹೋಗಿ, ಅವರ ಸೊಂಟ ನೆನಪಾಗಿ, ಸ್ಟೂಲು ಎಳೆದು ಕೊಟ್ಟಳು. ತಣ್ಣನೆಯ ಪೆಟ್ಟಿಗೆಯಿಂದ ಮಾಂಸ ತೆಗೆದು ತಾನೇ ಪಾಲು ಹಾಕಿದಳು. ಒಂದು ಅವರಿಗೆ. ಒಂದು ನನಗೆ. ಆಮೇಲೆ ಮೂರನೆಯದೊಂದು.

“ಅದು ನಾಯಿಯದಾ?” ಎಂದು ಅವರು ನನ್ನ ಮೂಲಕ ಕೇಳಿದರು. ಕ್ರಮ ಅವರಿಗೆ ನೆನಪಿತ್ತು.

“ನಾಯಿ ಎಲ್ಲುಂಟು ಇಲ್ಲಿ? ಅದು ನನ್ನದು,” ಎಂದಳು ಅಮ್ಮ, ತಲೆ ಎತ್ತದೆ. “ನಾನು ಕೂಡ ಹೊತ್ತವಳೇ ಅಲ್ವಾ.”

ನಾನು ಅದನ್ನು ದಾಟಿಸಿದೆ. ಕೇಳಿದ ಮೇಲೆ ಅವರು ತಮ್ಮ ಪಾಲಿನಿಂದ ಬೆನ್ನ ಮಾಂಸದ ಒಂದು ತುಂಡು, ಇರುವುದರಲ್ಲೇ ಮೆತ್ತನೆಯದು, ತೆಗೆದು ಅವಳದಕ್ಕೆ ಸೇರಿಸಿದರು. ಅವಳು ಬೇಡವೆನ್ನಲಿಲ್ಲ.

ಆ ರಾತ್ರಿ ಅವಳ ಪಾಲಿನದು ಸುಕ್ಕಾ ಆಯಿತು, ತೆಂಗಿನಕಾಯಿ ಹುರಿದು ಹಾಕಿ, ಮೆಣಸು ಧಾರಾಳ. ಪಕ್ಕದ ಮನೆಯವರು ಮೂಗು ಒರೆಸಿಕೊಳ್ಳುತ್ತ ಎರಡು ಸಲ ಹಾಕಿಸಿಕೊಂಡರು.

ಮರುದಿನ ಬೆಳಿಗ್ಗೆ ಕಚೇರಿಗೆ ಹೊರಟಾಗ ಬಾಗಿಲ ಬಳಿ ಕೋಟು ತೂಗುಹಾಕುವ ಗೂಟದಲ್ಲಿ ನನ್ನ ಚೀಲ ತೂಗುತ್ತಿತ್ತು. ಅಮ್ಮ ಅದನ್ನು ರಕ್ತದ ಕಲೆ ಹೋಗುವ ಹಾಗೆ ತೊಳೆದು, ಪಟ್ಟಿಗಳನ್ನೆಲ್ಲ ಮಡಚಿಟ್ಟಿದ್ದಳು.

“ಶೆಡ್ಡಿಗೆ ಹಾಕಿದ್ದೆನಲ್ಲಮ್ಮ?”

“ಅಲ್ಲಿ ತೇವ ಉಂಟು,” ಎಂದಳು ಅಡುಗೆಮನೆಯಿಂದಲೇ. “ಒಳ್ಳೆ ಚೀಲ ಹಾಳಾಗ್ತದೆ.”